ಒಡೆಯುವ ಸೇತುವೆಗೆ ಸುಣ್ಣ

ಜನವರಿ ೧೨, ಸೋಮವಾರ, ಬೆಳಿಗ್ಗೆ ೭.೪೦. ಯೋಗರಾಜ್ ಏದುಸಿರು ಬಿಡುತ್ತಾ ಹರಿಹರದ ಠಾಣೆಗೆ ಬಂದ. ತುಂಗಭದ್ರೆಯ ಮೇಲಿನ ಹಳೇ ಹೆದ್ದಾರಿ ಸೇತುವೆ ಒಡೆದು ಹೊಸದು ಕಟ್ಟುವ ಕಾಮಗಾರಿಯ ಸೂಪರ್‌ವೈಸರ್ ಅವನು. ಒಡೆಯುವ ಕೆಲಸ ಅವತ್ತೇ ಶುರುವಾಗಬೇಕಿತ್ತು.

"ಮೇಡಂ, ಹಿಟಾಚಿ ಕೀ ಕದ್ದಾರ್ರಿ. ಇನ್ನೊಂದು ಕೀ ಹುಬ್ಬಳ್ಳಿಯಾಗೈತೆ, ಬರೋದು ನಾಳೆ."

"ಡೀಸೆಲ್? ಬ್ಯಾಟರಿ?" ಸಬ್‌ಇನ್‌ಸ್ಪೆಕ್ಟರ್ ವಾಣಿ ಕೇಳಿದರು.

"ಎಲ್ಲಾ ಹಂಗೇ ಐತ್ರಿ."

ಡೀಸೆಲ್ ಬಿಟ್ಟು ಬರೀ ಕೀ ಕದಿಯುವ ಕಳ್ಳನನ್ನು ವಾಣಿ ಹನ್ನೊಂದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಅಶ್ವಥ್‌ನನ್ನು ಕರೆದುಕೊಂಡು ಹೊರಟರು.

೮.೩೦ಕ್ಕೆ ಸ್ಥಳ ಪಂಚನಾಮೆ. ಯಂತ್ರದ ಕ್ಯಾಬಿನ್ ಬಾಗಿಲ ಮೇಲೆ ಐದು ಬಿಳಿ ಬೆರಳ ಗುರುತು. ಅಶ್ವಥ್ ಒಂದನ್ನು ಉಜ್ಜಿ ನೋಡಿ, "ಸುಣ್ಣ, ಮೇಡಂ" ಎಂದ.

"ಸಾಕ್ಷ್ಯಾನೇ ಉಜ್ಜಿಬಿಟ್ಟೆಯಲ್ಲೋ ಮಾರಾಯ!"

ಪುಣ್ಯಕ್ಕೆ ಇನ್ನೂ ನಾಲ್ಕು ಉಳಿದಿದ್ದವು. ವಾಣಿ ತಲೆಯೆತ್ತಿ ನೋಡಿದರು. ಸೇತುವೆಯ ಎಡಬದಿಯ ತಡೆಗೋಡೆ ಕಂಬಗಳೆಲ್ಲ ಹೊಸ ಸುಣ್ಣದಲ್ಲಿ ಬೆಳ್ಳಗಿದ್ದವು. ಬಲಬದಿಯಲ್ಲಿ ಕೆಲಸ ಅರ್ಧಕ್ಕೇ ನಿಂತಿತ್ತು. ಒಡೆದು ಹಾಕುವ ಸೇತುವೆಗೆ ಸುಣ್ಣ ಬಳಿಯುವ ಪುಣ್ಯಾತ್ಮ ಯಾರಪ್ಪ?

ಸೇತುವೆಯ ತುದಿಯಲ್ಲಿ ಮಂಡಕ್ಕಿ ಮಾರುವ ಅಂಜಿನವ್ವನನ್ನು ವಿಚಾರಿಸಿದರು.

"ಸುಣ್ಣ ಹೊಡೆಯೋರು ಯಾರವ್ವ?"

"ಇನ್ಯಾರು, ಕೆಂಚಣ್ಣ. ರಸ್ತೆ ಕೆಲಸದ ಗ್ಯಾಂಗ್‌ಮನ್ ಆಗಿದ್ದ, ರಿಟೈರ್ ಆಗ್ಯಾನ. ಪ್ರತಿ ದಸರಾಕ್ಕೂ ಅವನೇ ಹೊಡೀತಿದ್ದ. ಈಗ ಬ್ಯಾಡ ಅಂದ್ರೂ ಕೇಳಲ್ಲ, ಹುಚ್ಚು ಮುಂಡೇದು."

೧೦.೧೫ಕ್ಕೆ ಕೆಂಚಣ್ಣ ಹೊಳೆ ದಂಡೆಯಲ್ಲೇ ಸಿಕ್ಕ. ಬಕೆಟ್ಟಿನಲ್ಲಿ ಸುಣ್ಣ ಸೋಸುತ್ತಿದ್ದ. ಓಡಲಿಲ್ಲ.

"ಕೀ ಎಲ್ಲಿ?"

ಅಂಗಿ ಜೇಬಿನಿಂದ ತೆಗೆದುಕೊಟ್ಟ.

"ಯಾಕ ತಗೊಂಡ್ರಿ?"

"ಒಂದು ದಿನ ಬೇಕಾಗಿತ್ರಿ. ಇನ್ನೂ ಹದಿನೆಂಟು ಕಂಬ ಉಳಿದಾವ."

"ನಾಳೆ ಒಡೆಯೋದಕ್ಕೆ ಯಾಕ್ರಿ ಸುಣ್ಣ?"

"ಸತ್ತೋರಿಗೂ ಮೈ ತೊಳೆದು ಕಳಿಸ್ತೀವಲ್ರವ್ವ. ಮೂವತ್ತೊಂದು ವರ್ಷ ನನಗೆ ಅನ್ನ ಹಾಕೈತೆ ಇದು. ಮಗಳು ಕೀರ್ತನಾ ಇದರ ಮ್ಯಾಲೇ ನಡೆದು ಶಾಲೆಗೆ ಹೋಗಿ ನರ್ಸ್ ಆದ್ಲು. ಹೊಸದು ಬರ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಇದನ್ನ ಮಸಿ ಮುಖದಾಗ ಹೆಂಗೆ ಕಳಿಸ್ಲಿ?"

ಅಶ್ವಥ್ ಹೊಳೆಯ ಕಡೆ ಮುಖ ತಿರುಗಿಸಿದ. ಆದರೂ ಕಾನೂನು ಕಾನೂನೇ. ೧೧ ಗಂಟೆಗೆ ದಸ್ತಗಿರಿ, ಮಧ್ಯಾಹ್ನ ೧೨.೩೦ಕ್ಕೆ ಠಾಣಾ ಜಾಮೀನು.

"ಕೀ ಕೊಡ್ರಿ ಮೇಡಂ, ಕೆಲಸ ಶುರು ಮಾಡ್ತೀನಿ," ಎಂದ ಯೋಗರಾಜ್.

"ಜಪ್ತಾದ ಮಾಲು. ಕೋರ್ಟಿನ ಆದೇಶ ಇಲ್ಲದೆ ಕೊಡೋ ಹಂಗಿಲ್ಲ."

ಯೋಗರಾಜ್ ಗೊಣಗಿದ, ಹಣೆ ಚಚ್ಚಿಕೊಂಡ. ಆಮೇಲೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಕೆಂಚಣ್ಣನನ್ನು ಸ್ವಲ್ಪ ಹೊತ್ತು ನೋಡಿದ.

"ಹೆಂಗೂ ಇವತ್ತು ನನ್ನ ಆಳುಗಳು ಖಾಲಿ ಕುಂತಾರ. ಬ್ರಶ್ ಎಷ್ಟು ಅದಾವ್ರಿ ಕೆಂಚಣ್ಣ?"

ಸಂಜೆ ೫.೫೦ಕ್ಕೆ ಕೊನೆಯ ಕಂಬ ಮುಗಿಯಿತು. ಕೆಂಚಣ್ಣ ಬ್ರಶ್ ತೊಳೆದಿಟ್ಟು, ಸೇತುವೆಗೆ ಕೈಮುಗಿದು, ಯೋಗರಾಜನ ಕಡೆ ತಿರುಗಿದ.

"ಇನ್ನ ಒಡೀರಿ."

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದ ಕಡೆ ವಾಣಿಯ ಪೆನ್ನು ನಿಂತಿತು. ಬೇರೆ ಪದ ಹೊಳೆಯದೆ 'ಕೃತಜ್ಞತೆ' ಎಂದು ಬರೆದು ಸಹಿ ಹಾಕಿದರು.