ಮೂರು ಗಂಟೆಯ ನೀರು

ಆಗಸ್ಟ್ ಬಂತೆಂದರೆ ನಮ್ಮ ಕೊರ್ದೊಬಾ ಊರಿನವರು ಬಿಸಿಲು ತಾಳಲಾರದೆ ಕದ ಹಾಕಿಕೊಂಡು ಸಮುದ್ರದ ಕಡೆ ಓಡುತ್ತಾರೆ. ಆ ವರ್ಷ ತಂಗಿ ಫುಯೆನ್ಸಾಂತಾ ಮ್ಯಾಡ್ರಿಡ್‌ನಲ್ಲಿದ್ದ ನನ್ನನ್ನು ಕರೆದಳು. "ಬಾರೇ ಅಕ್ಕಾ, ನಾವು ಸಮುದ್ರ ನೋಡಿ ಒಂಬತ್ತು ವರ್ಷ ಆಯ್ತು. ಮನೆ ಖಾಲಿ ಇರುತ್ತೆ. ಗಿಡಕ್ಕೆ ನೀರು ಹಾಕ್ಕೊಂಡು ಹಾಯಾಗಿರು." ಒಡಹುಟ್ಟಿದವಳೆಂದು ನಂಬಿ ಹೋದೆ.

ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಸುಡುವ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೀಗ ತೆಗೆದು ಒಳಗೆ ಹೋದರೆ ಅಂಗಳದ ಗೋಡೆಯ ಹೂಕುಂಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊತ್ತು ಮುಳುಗುವ ತನಕ ನಮ್ಮಲ್ಲಿ ಯಾರೂ ಗಿಡಕ್ಕೆ ನೀರು ಹಾಕುವುದಿಲ್ಲ, ಬೇರು ಬೆಂದುಹೋಗುತ್ತದೆ. ನೀರೆರೆಯುವ ಉದ್ದನೆಯ ಕೋಲು ಗೋಡೆಗೆ ಒರಗಿತ್ತು. ತುದಿಗೆ ಕಟ್ಟಿದ ಡಬ್ಬಿ ಇನ್ನೂ ಅಲ್ಲಾಡುತ್ತಿತ್ತು. ಕೋಲನ್ನು ಮುಟ್ಟಿದೆ. ಕೈ ಹಿಡಿಯುವ ಜಾಗ ಮಾತ್ರ ಮಂಜಿನಂತೆ ತಣ್ಣಗಿತ್ತು.

ತಂಗಿಗೆ ಫೋನ್ ಮಾಡಿದೆ. "ಇಲ್ಲಿ ಯಾರೇ ಇದಾರೆ?"

ಅವಳ ಹಿಂದೆ ಅಲೆಗಳ ಸದ್ದು. "ಬೈಬೇಡ ಅಕ್ಕಾ. ಮನೇಲಿ ನಮ್ಮವರು ಒಬ್ರಾದ್ರೂ ಇದ್ರೆ ಅವಳು ನಮ್ಮ ಹಿಂದೆ ಬರಲ್ಲ."

"ಅವಳು ಅಂದ್ರೆ ಯಾರೇ? ನಾನೇ ಸಿಕ್ಕಿದ್ನಾ ನಿನಗೆ?"

ಫೋನ್ ಇಟ್ಟುಬಿಟ್ಟಳು.

ಅಡುಗೆಮನೆಗೆ ಹೋದೆ. ಬೆಳಿಗ್ಗೆ ಹೊರಡುವ ಮುಂಚೆಯೇ ತಂಗಿ ಮೇಜಿನ ಮೇಲೆ ಎರಡು ಬಟ್ಟಲು ತುಂಬ ಟೊಮೇಟೊ ಸಾರು ಬಡಿಸಿ, ಮುಚ್ಚಿಟ್ಟು ಹೋಗಿದ್ದಳು. ಒಂದು ಆಗಲೇ ಎಂಜಲಾಗಿತ್ತು.