ಸಂಜೆಯ ಮಾತ್ರೆ

"ಮೂವತ್ತು ದಿನದ ಮಾತ್ರೆ ನಲವತ್ತೆರಡು ದಿನ ಹೇಗೆ ಬಂತು?"

ಆಸ್ಪತ್ರೆಯ ಔಷಧಿ ಕಿಟಕಿಗೆ ಹೊಸದಾಗಿ ಬಂದಿದ್ದ ಫಾರ್ಮಸಿಸ್ಟ್ ತಗ್ಗಿದ ದನಿಯಲ್ಲೇ ಕೇಳಿದ.

ಪ್ರವಾಸದಲ್ಲಿದ್ದಾಗ ಬೇರೆ ಕಡೆ ಕೊಂಡಿದ್ದೆ ಎಂದು ಅವಳು ಸುಳ್ಳು ಹೇಳಿದಳು. ಅವನು ಮುಖ ನೋಡಿದ, ಪೊಟ್ಟಣ ಕೊಟ್ಟ.

ಹೃದಯ ಕಸಿಯಾಗಿ ಎರಡು ವರ್ಷ. ಬೇರೊಬ್ಬರ ಹೃದಯವನ್ನು ಮೈ ಹೊರದಬ್ಬದಂತೆ ತಡೆಯುವುದು ಆ ಮಾತ್ರೆ, ದಿನಕ್ಕೆರಡು. ಅದರಿಂದ ಕೈ ನಡುಗುತ್ತಿತ್ತು. ಅವಳ ಕೆಲಸವೋ, ಕಟ್ಟುಹಲ್ಲು ತಯಾರಿಸುವುದು; ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸಬೇಕು. ಹಾಗಾಗಿ ಕೆಲಸ ಹೆಚ್ಚಿದ್ದಾಗಲೆಲ್ಲ ಸಂಜೆಯ ಮಾತ್ರೆ ಬಿಡುತ್ತಿದ್ದಳು. ರಕ್ತಪರೀಕ್ಷೆಗೆ ನಾಲ್ಕು ದಿನವಿರುವಾಗ ಮಾತ್ರ ತಪ್ಪದೆ ನುಂಗುವಳು. ವರದಿಯಲ್ಲಿ ಎಲ್ಲವೂ ಸರಿ.

ಹೆದರಿಕೆಯಾಗಬೇಕಿತ್ತು... ಆಗುತ್ತಿರಲಿಲ್ಲ. ಅಳುವೂ ಇಲ್ಲ, ನಗುವೂ ಇಲ್ಲ. "ಊರವರ ಬಾಯಿಗೆಲ್ಲ ಹಲ್ಲು ಕೂರಿಸ್ತೀಯ, ನಿನ್ನ ಬಾಯಿ ಮಾತ್ರ ಬಿಚ್ಚಲ್ಲ," ಎಂದು ಅಕ್ಕ ಚುಚ್ಚುತ್ತಿದ್ದಳು.

ಪರೀಕ್ಷೆಯ ದಿನಗಳಲ್ಲಿ ಆ ಫಾರ್ಮಸಿಸ್ಟ್ ಎರಡು ಲೋಟ ಟೀ ಹಿಡಿದು ಅವಳು ಕೂತ ಬೆಂಚಿಗೆ ಬರತೊಡಗಿದ. ಮಾತ್ರೆಯ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಒಮ್ಮೆ ಅವನು ರಜೆಯಲ್ಲಿದ್ದಾಗ ಆ ಬೆಂಚು ಅವಳಿಗೆ ಉದ್ದ ಅನಿಸಿತು. ಅಷ್ಟೇ... ಇದಕ್ಕೇನು ಹೆಸರೋ!

ಅವನ ಪರಿಚಯವಾದ ಐದನೇ ತಿಂಗಳು ಬಯಾಪ್ಸಿಯಲ್ಲಿ ತಿಳಿಯಿತು, ಮೈ ಆ ಹೃದಯದ ಮೇಲೆ ತಿರುಗಿಬಿದ್ದಿತ್ತು. ರಕ್ತದಲ್ಲಿ ಔಷಧಿಯ ಮಟ್ಟ ಸರಿಯಿದೆ, ಹಾಗಿದ್ದರೆ ಔಷಧಿಯೇ ಒಗ್ಗುತ್ತಿಲ್ಲ, ಬದಲಿಸೋಣ ಎಂದರು ಡಾಕ್ಟರಮ್ಮ. ಅವಳು ಆಗಲಿ ಎಂದಳು.

ಮರುದಿನ ಡಾಕ್ಟರಮ್ಮನಿಗೆ ಎಲ್ಲ ಗೊತ್ತಾಗಿತ್ತು. ಹೊಸ ಔಷಧಿಯ ಚೀಟಿ ಕಿಟಕಿಗೆ ಬಂದದ್ದು ನೋಡಿ ಹೇಳಿದವನು ಅವನೇ. ಅವಳನ್ನು ದಾಖಲಿಸಿಕೊಂಡು ಮೂರು ದಿನ ಇಂಜೆಕ್ಷನ್ ಕೊಟ್ಟರು. ಅದೇ ಮಾತ್ರೆಯಲ್ಲಿ ದಿನಕ್ಕೊಂದೇ ಸಲ ನುಂಗುವ, ನಿಧಾನವಾಗಿ ಕರಗುವ ಬಗೆಯದೂ ಇದೆ, ಅದರಲ್ಲಿ ಹಲವರಿಗೆ ಕೈನಡುಕ ಕಡಿಮೆ, ಒಂದು ಮಾತು ಕೇಳಬಾರದಿತ್ತೇ ಎಂದು ಗದರಿದರು.

ಮೂರನೇ ದಿನ ಅವನು ವಾರ್ಡಿನ ಬಾಗಿಲಲ್ಲಿ ನಿಂತ.

"ಟೀ ಕುಡಿಸಿದ್ದು ನನ್ನ ಗುಟ್ಟು ತಿಳ್ಕೊಳ್ಳೋಕಾ?" ಅವಳ ದನಿಯಲ್ಲಿ ಏರಿಳಿತವಿರಲಿಲ್ಲ.

"ಗುಟ್ಟು ಕಿಟಕಿಯಲ್ಲೇ ಗೊತ್ತಾಗಿತ್ತು. ಬೆಂಚಿಗೆ ಬಂದಿದ್ದು ನಿಮಗೋಸ್ಕರ." ಅವನು ತಲೆ ತಗ್ಗಿಸಿದ. "ಮೊದಲೇ ಹೇಳಬೇಕಿತ್ತು. ಹೇಳಿದ್ರೆ ನೀವು ಮುಖ ತಿರುಗಿಸ್ತೀರಿ ಅಂತ ಐದು ತಿಂಗಳು ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದೂ ಇದೆ."

ತನ್ನನ್ನು ಕಳೆದುಕೊಳ್ಳುವ ಭಯ ತನಗಿಂತ ಇವನಿಗೇ ಹೆಚ್ಚಿತ್ತೇ?

"ನಿಮ್ಮ ಮೇಲೆ ಸಿಟ್ಟು ಬರಬೇಕು," ಎಂದಳು. "ಬರ್ತಿಲ್ಲ. ನನಗೆ ಏನೂ ಬರಲ್ಲ... ಇಂಥವಳ ಜೊತೆ ಏನು ಮಾಡ್ತೀರಿ?"

"ಕಾಯ್ತೀನಿ. ನೀವು ಬದುಕಿದ್ರೆ ಸಾಕು, ಉಳಿದಿದ್ದು ನಿಧಾನಕ್ಕೆ ಬರಲಿ."

ಅವಳು ಕಾಲು ಮಡಚಿ ಮಂಚದ ಅಂಚಿನಲ್ಲಿ ಜಾಗ ಬಿಟ್ಟಳು. ಅವನು ಕೂತ.

"ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಮಾತ್ರೆ," ಎಂದ ಅವನು. "ನೆನಪಿಸೋಕೆ ಫೋನ್ ಮಾಡಲಾ?"

"ನೆನಪಿರುತ್ತೆ ನಂಗೆ."

ಅವನು ತಲೆಯಾಡಿಸಿ ಎದ್ದ. ಬಾಗಿಲು ದಾಟುವಷ್ಟರಲ್ಲಿ ಅವಳ ದನಿ ಕೇಳಿತು.

"ಆದ್ರೂ ಮಾಡಿ."