ಎತ್ತಿದ ಎಡಗೈ

ಡಾಕ್ಟರ್ ಪಂಚಶೀಲಾ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. ಅಮರನಾಥನ ದವಡೆಹಲ್ಲಿನ ಬೇರಿನೊಳಗೆ ಫೈಲಿನ ತುದಿ ಮುರಿದು ಕೂತಿತ್ತು. ಬೇರು ಶುಚಿ ಮಾಡುವ ಕೂದಲಿನಂಥ ಸೂಜಿ, ಅವಳ ಕೈಯಲ್ಲೇ ಮುರಿದದ್ದು.

ಖಜೂರಿಯಲ್ಲಿ ತೊಗರಿ ವ್ಯಾಪಾರ ಮಾಡುವ ಈ ಅಮರನಾಥ, ಇಂಜೆಕ್ಷನ್ ಕಂಡರೆ ಬೆವರುವ ಆಸಾಮಿ. ಬಾಯಿಗೆ ರಬ್ಬರ್ ಹಾಳೆ ಬಿಗಿದ ಮೇಲೆ ಮಾತಿಲ್ಲ. ನೋವಾದರೆ ಎಡಗೈ ಎತ್ತಬೇಕೆಂದು ಮೊದಲ ದಿನವೇ ಹೇಳಿದ್ದಳು. ಇವನೋ, ನೋವಿಲ್ಲದಿದ್ದರೂ ಎತ್ತುವನು. ಅವಳು ಗಾಬರಿಯಿಂದ ಬಗ್ಗಿ ನೋಡಿದರೆ ಕಣ್ಣಲ್ಲೇ ನಗುವನು. ಸುಳ್ಳು ಸುಳ್ಳೇ ಕೈ ಎತ್ತಬೇಡಿ ಎಂದು ಗದರುತ್ತಿದ್ದಳು. ಅವನು ಬರುವ ಗುರುವಾರ ಮಾತ್ರ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತಿದ್ದಳು.

ಪ್ರತಿ ಹಂತದಲ್ಲೂ ಮೈಕ್ರೋಸ್ಕೋಪಿನ ಕ್ಯಾಮೆರಾದಲ್ಲಿ ಫೋಟೊ ತೆಗೆದು, ರೋಗಿಗೆ ತೋರಿಸಿ, ದಾಖಲೆಗೆ ಸೇರಿಸುವುದು ಆಳಂದದ ಈ ಸಣ್ಣ ಕ್ಲಿನಿಕ್ಕಿನಲ್ಲಿ ಅವಳು ಹಾಕಿಕೊಂಡ ಪದ್ಧತಿ. ತನ್ನ ಹಲ್ಲಿನೊಳಗೆ ಏನು ನಡೆದಿದೆ ಎಂದು ಕಂಡಮೇಲೇ ಅವನು ಧೈರ್ಯವಾಗಿ ಕುರ್ಚಿಗೆ ಒರಗಿದ್ದ.

ಈಗ ಮುರಿದ ತುದಿಯ ಫೋಟೊ ಪರದೆಯ ಮೇಲಿತ್ತು. ಪರದೆ ಇನ್ನೂ ಅವಳ ಕಡೆಗೇ ಇತ್ತು. ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗದು. ತೋರಿಸಿದರೆ ಎದ್ದು ಹೋದಾನು, ಮತ್ತೆ ಈ ಮೆಟ್ಟಿಲು ಹತ್ತಲಾರ. ಅವನಿಲ್ಲದ ಗುರುವಾರ ಅವಳ ಕಣ್ಣ ಮುಂದೆ ಬಂತು. ಬೆರಳು ಅಳಿಸುವ ಬಟನ್ನಿನ ತನಕ ಹೋಯಿತು.

ಅಮರನಾಥ ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗಿದ್ದ. ಆ ನೆಮ್ಮದಿಯನ್ನು ನೋಡಲಾಗದೆ ಅವಳು ಪರದೆ ತಿರುಗಿಸಿದಳು.

“ಕಣ್ಣು ತೆರೀರಿ. ಈ ಹೊಳೆಯೋದು ಫೈಲಿನ ತುದಿ. ನನ್ನ ಕೈಯಾಗ ಮುರದದ. ತೆಗಿಯಾಕ ನೋಡ್ತೇನಿ. ಬರಲಿಲ್ಲಂದ್ರ ಕಲಬುರಗಿಯಾಗ ನನಗಿಂತ ಬಲ್ಲವರ ಕಡಿ ಕಳಸ್ತೇನಿ.”

ಅವನು ಪರದೆಯನ್ನೇ ದಿಟ್ಟಿಸಿದ. ಆಮೇಲೆ ನಿಧಾನವಾಗಿ ಎಡಗೈ ಎತ್ತಿದ.

ಅವಳು ತಟ್ಟನೆ ಬಗ್ಗಿದಳು. ನೋವೇ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದ, ಕೈ ಮಾತ್ರ ಇಳಿಸಲಿಲ್ಲ. ಬೈಯುವುದಕ್ಕೇ ಇರಬೇಕೆಂದುಕೊಂಡು ರಬ್ಬರ್ ಹಾಳೆ ಬಿಚ್ಚಿದಳು.

ಮರಗಟ್ಟಿದ ತುಟಿಯಲ್ಲಿ ಅವನು ತೊದಲಿದ. “ಮೊದಲೆಲ್ಲಾ ಸುಳ್ಳು ಎತ್ತೀನ್ರಿ, ನೀವು ಬಗ್ಗಿ ನೋಡ್ಲಿ ಅಂತ. ಇವತ್ತ ಖರೇ ಎತ್ತೇನಿ. ನನಗ ಅಂಜಿಕಿ ಆಗ್ಯದ. ನಿಮಗೂ ಆಗ್ಯದ. ಹಿಡೀರಿ.”

ಪಂಚಶೀಲಾ ಗ್ಲೌಸ್ ಕಳಚಿ ಆ ಕೈ ಹಿಡಿದಳು. ಫೋಟೊ ಪರದೆಯ ಮೇಲೆ ಹಾಗೇ ಇತ್ತು; ತುದಿ ತೆಗೆಯುವ ಕೆಲಸ ಇನ್ನೂ ಬಾಕಿಯಿತ್ತು.